ಗುಂಪಿನಿಂದ ಸಿಡಿದವರು

ಹಿಂದಿನಿಂದ ಯಾರೋ ಈಗತಾನೇ ತಳ್ಳಿದ್ದಾರೇನೋ ಎಂಬಂತೆ ಮಹೇಶ್ವರಪ್ಪನವರು ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಜಗಳೂರಿನ ಪ್ರೌಢಶಾಲೆಯೊಂದರಲ್ಲಿ ಅವರು ವಿಜ್ಞಾನಕ್ಕೆ, ನಾನು ಕನ್ನಡಕ್ಕೆ. ಬೇಸಿಗೆಯಲ್ಲೂ ಬಿಡದ ಅವರ ಕಂದು ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ಚೂರುಗಳ ಜೊತೆಗೆ ಹುರಿಗಡಲೆಯೂ ಇರುತ್ತಿತ್ತು. ಬಾಯಿಗೆ ಹಾಕಿಕೊಳ್ಳುವಾಗ ಅವೆರಡಕ್ಕೂ ಅವರು ಹೆಚ್ಚು ಭೇದ ಮಾಡುವುದಿಲ್ಲವೆಂದು ಮಕ್ಕಳ ಆರೋಪ.

ಬಸವಾಪಟ್ಟಣದ ತುಂಬಿದ ಮನೆಯ ಹಿರಿಯ ಮಗ ಅವರು. ಮೂವರು ಅಣ್ಣತಮ್ಮಂದಿರೂ ಒಬ್ಬರಿಗಿಂತ ಒಬ್ಬರು ಹಟಮಾರಿಗಳು. ಒಂದು ದಿನ ತಮ್ಮಂದಿರಿಬ್ಬರೂ ಒಂದಾಗಿ ಎದುರು ನಿಂತಾಗ ಉಟ್ಟ ಬಟ್ಟೆಯಲ್ಲೇ ಹೊರಬಿದ್ದವರು, ವರ್ಷಗಳು ಕಳೆದರೂ ಆ ಹೊಸಿಲು ತುಳಿದಿರಲಿಲ್ಲ. ಆ ಮಾತು ತೆಗೆದರೆ, "ಬಿಡ್ರಿ ಮೇಷ್ಟ್ರೇ, ಸಿಡಿದ ನಕ್ಷತ್ರ ವಾಪಸ್ ಬರ್ತೈತೇನ್ರಿ?" ಎನ್ನುತ್ತಿದ್ದರು.

ಅದೇನೆಂಬುದನ್ನು ಒಮ್ಮೆ ಬೇವಿನ ಮರದಡಿ ಮಕ್ಕಳಿಗೆ ತೋರಿಸಿದರು. ಹೊಸದಾಗಿ ಹುಟ್ಟಿದ ನಕ್ಷತ್ರಗಳು ಒತ್ತೊತ್ತಾಗಿ ಗುಂಪುಗೂಡಿರುತ್ತವಂತೆ. ಭಾರಿ ನಕ್ಷತ್ರಗಳು ನಡುವಿಗೆ ಸೇರುತ್ತವೆ. ಅಲ್ಲಿ ಮೂರು ತೀರ ಹತ್ತಿರವಾದರೆ ಎರಡು ಜೋಡಿಯಾಗಿ ಸುತ್ತುತ್ತ ಮೂರನೆಯದನ್ನು ಗುಂಪಿನಾಚೆಗೆ ಎಸೆದುಬಿಡುತ್ತವೆ. ಇಬ್ಬರು ದಪ್ಪ ಹುಡುಗರನ್ನು ಕೈಕೈ ಹಿಡಿಸಿ ಗಿರಗಿರನೆ ಸುತ್ತಿಸಿ, ಮೂರನೆಯವರಾಗಿ ತಾವೇ ನುಗ್ಗಿದರು. ಮರುಕ್ಷಣ ಕೋಟಿನ ಸಮೇತ ಬೇಲಿಯ ಬುಡದಲ್ಲಿದ್ದರು. ಹುರಿಗಡಲೆ ಅಂಗಳದ ತುಂಬ.

"ನೋಡಿದ್ರೇನ್ರೋ? ಹಿಂಗೆ!" ಎಂದರು ಹೆಮ್ಮೆಯಿಂದ.

ನಗುವಿನ ನಡುವೆ ಅಂಜಮ್ಮನೆಂಬ ಹುಡುಗಿ, "ಸಾರ್, ಅವ್ರಿಬ್ರೂ ಆ ಕಡೆ ಬಿದ್ದಾರ್ರಿ!" ಎಂದಳು.

"ಬೀಳ್ಲೇಬೇಕವ್ವಾ. ಎಸೆದ ಜೋಡಿಗೂ ಇದ್ದಲ್ಲೇ ಇರಾಕೆ ಆಗಲ್ಲ. ಅದೂ ಹಿಂದಕ್ಕೆ ಸರೀತೈತೆ..."

ಮಾತು ಅಲ್ಲಿಗೇ ನಿಂತಿತು. ಗೇಟಿನ ಬಳಿ ಅವರ ತಮ್ಮ ಹಾಲೇಶಪ್ಪ ನಿಂತಿದ್ದರು.

"ನಿನ್ನ ಪಾಠ ಕೇಳಿಸ್ಕಂಡೆ ಅಣ್ಣಾ. ನಾವೂ ಇದ್ದಲ್ಲಿ ಇಲ್ಲ. ಮನೇಲಿ ಈಗ ಒಲೆ ಎರಡು," ಎಂದರು ಹಾಲೇಶಪ್ಪ. "ಮಗಳ ಮದುವೆ ಐತೆ. ದೊಡ್ಡಪ್ಪ ಬಂದು ಮುಟ್ಟದೆ ಹಂದರಗಂಬ ನೆಡಾಕೆ ಬಿಡಲ್ಲ ಅಂತ ಹಟ ಹಿಡಿದು ಕುಂತಾಳೆ."

"ಹಟವಾ? ಹಂಗಾದ್ರೆ ನಮ್ಮನೇ ಹುಡುಗೀನೇ ಬಿಡು," ಎಂದರು ಮಹೇಶ್ವರಪ್ಪನವರು. ಬಹಳ ಹೊತ್ತು ಕೋಟಿನ ಧೂಳು ಕೊಡವಿದರು. ಆಮೇಲೆ ಜೇಬಿನಲ್ಲಿ ಉಳಿದಿದ್ದ ಹುರಿಗಡಲೆ ತೆಗೆದು ತಮ್ಮನ ಅಂಗೈಗೆ ಹಾಕಿದರು. "ತಿನ್ನು. ಸುಣ್ಣ ಇರ್ತೈತೆ, ನೋಡ್ಕೊಂಡು."

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೋದರು. ಕಂಬ ನೆಟ್ಟು, ಮದುವೆ ಮುಗಿಸಿ, ಮತ್ತೆ ಅದೇ ಮುಂದಕ್ಕೆ ಬಾಗಿದ ನಡಿಗೆಯಲ್ಲಿ ಮಹೇಶ್ವರಪ್ಪನವರು ನಮ್ಮ ಶಾಲೆಗೇ ಬಂದರು.

ತುಂಬಿದ ಮನೆಗಳು ತಮ್ಮೊಳಗಿನ ಭಾರಿ ಜೀವಗಳನ್ನು ಹೀಗೆ ಎಸೆದುಬಿಡುವುದುಂಟು. ಅವರು ನಂಟಿಲ್ಲದ ಊರಿನಲ್ಲಿ ಉರಿದು ಬೆಳಗುತ್ತಾರೆ. ಬಸವಾಪಟ್ಟಣದ ಆ ಜಗಳ ನೆನಪಾದಾಗ ಇಂದಿಗೂ ಮನಸ್ಸು ನೋಯುತ್ತದೆ. ಅದು ನಡೆಯದಿದ್ದರೆ ಜಗಳೂರಿನ ನಮ್ಮ ಮಕ್ಕಳಿಗೆ ನಕ್ಷತ್ರ ತೋರಿಸುವವರು ಯಾರಿದ್ದರು ಎಂದೂ ಅನಿಸುತ್ತದೆ.