ಒಲೆಯಿಲ್ಲದ ಮನೆ

ನಮ್ಮ ಮನೆಯಲ್ಲಿ ಒಲೆಯೇ ಇರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಮುಂಬೈ ಹತ್ತಿರದ ಕಲ್ಯಾಣದಲ್ಲಿ ಕೆಳಗೆ ನಮ್ಮ ಹೋಟೆಲು, ಮೇಲೆ ಮನೆ. ಬೆಳಗಿನ ಕಾಫಿಯಿಂದ ರಾತ್ರಿಯ ಗಂಜಿಯವರೆಗೆ ಎಲ್ಲವೂ ಕೆಳಗಿನಿಂದ ಮೇಲೆ ಬರುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸ್ಟೋವಾದರೂ ತರೋಣ ಅಂದಿದ್ದೆ. "ಊರಿಗೆಲ್ಲ ಬೇಯಿಸಿ ಹಾಕುವವರು ನಾವು, ನಿನಗೆ ಬೇರೆ ಒಲೆ ಎಂತಕ್ಕೆ?" ಅಂದರು ನನ್ನ ಗಂಡ ಜಯಶೀಲ. ಅತ್ತೆಯೂ ಹೌದು ಹೌದು ಅಂದರು. ಅಡಿಗೆಮನೆ ಆಗಬೇಕಾಗಿದ್ದ ಜಾಗದಲ್ಲಿ ಒಂದು ಕಪಾಟು ಬಂದು ನಿಂತಿತು. ಹುಡುಕಿದರೂ ಒಂದು ಹಿಡಿ ಅಕ್ಕಿ ಸಿಗದ ಮನೆ ಅದು. ದೇವರ ಮುಂದೆ ನಾಲ್ಕು ಕಲ್ಲುಸಕ್ಕರೆ ಇಡುತ್ತಿದ್ದೆ. ಅತ್ತೆಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಅದು ದೇವರಿಗಿಂತ ಮೊದಲು ಅವರ ಬಾಯಿಗೆ ಹೋಗತೊಡಗಿತು, ಹಾಗಾಗಿ ಅದನ್ನೂ ನಿಲ್ಲಿಸಿದೆ. ದೇವರು ಹೂವಿನಲ್ಲೇ ಸುಧಾರಿಸಿಕೊಂಡ.

ಎರಡು ಸಾವಿರದ ಐದರ ಜುಲೈನಲ್ಲಿ, ಒಂದು ಮಂಗಳವಾರ, ಮುಂಬೈಯ ಸುತ್ತಮುತ್ತ ಆಕಾಶವೇ ಹರಿದುಬಿತ್ತು. ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದು ಹೋಗುವಷ್ಟರಲ್ಲಿ ನದಿಯ ನೀರು ಗಲ್ಲಿಗೆ ಬಂತು. ನಮ್ಮವರು ಕೆಲಸದವರನ್ನೆಲ್ಲ ಸ್ಟೇಷನ್ನಿನ ಕಡೆಗೆ ಕಳಿಸಿದರು. ಮಕ್ಕಳು ಹೇಗೂ ಠಾಣೆಯಲ್ಲಿ ನಾದಿನಿಯ ಮನೆಯಲ್ಲಿದ್ದರು. ನಾನು ಅಕ್ಕಿಮೂಟೆ ಮೇಲೆ ತರೋಣ ಅಂತ ಬಡಕೊಂಡೆ. ಅವರು ಮೇಲೆ ತಂದದ್ದು ಬೇಯಿಸಿದ್ದನ್ನು. ಅನ್ನದ ಕೊಪ್ಪರಿಗೆ, ಸಾಂಬಾರು, ಒಂದು ಬುಟ್ಟಿ ವಡೆ. ಮೇಲಂತಸ್ತಿನ ಗ್ಯಾಲರಿಯುದ್ದಕ್ಕೂ ಇದ್ದ ಮನೆಗಳವರನ್ನೆಲ್ಲ ಕೂಗಿ ಕರೆದು ಬಡಿಸಿದರು. ಇನ್ನೂ ಸ್ವಲ್ಪ ಹಾಕಿಕೊಳ್ಳಿ, ನಾಚಿಕೆ ಮಾಡಬೇಡಿ, ನಮ್ಮಲ್ಲಿ ಬೇಕಾದಷ್ಟು ಉಂಟು ಅನ್ನುತ್ತಿದ್ದರು. ಆ ಹೊತ್ತಿಗೆ ಕೆಳಗೆ ನಮ್ಮ ಆ ಬೇಕಾದಷ್ಟೆಲ್ಲ ನೀರಿನಲ್ಲಿ ತೇಲುತ್ತಿತ್ತು. ಮರುದಿನದ ಇಡ್ಲಿಗೆ ರುಬ್ಬಿಟ್ಟ ಹಿಟ್ಟಿನ ಪಾತ್ರೆ ಬಾಗಿಲಿನಿಂದ ತೇಲಿಕೊಂಡು ಹೊರಗೆ ಹೋದದ್ದನ್ನು ನಾನೇ ಮೆಟ್ಟಿಲ ಮೇಲೆ ನಿಂತು ನೋಡಿದೆ.

ಆವತ್ತು ಎಲ್ಲರೂ ಅವರನ್ನು ಹೊಗಳಿದರು. ಪಕ್ಕದ ಖೋಲಿಯ ಚಂದ್ರಬಾಯಿ, ಒಂಟಿ ಮುದುಕಿ, ಕಣ್ಣಲ್ಲಿ ನೀರು ತಂದುಕೊಂಡು ಅನ್ನದಾತ ಅಂದಳು. ನನ್ನ ಗಂಡನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ನಾನು ಹೊಲಿದು ಕೊಡಬೇಕಾದೀತು ಅನ್ನಿಸಿತು.

ಬುಧವಾರ ಬೆಳಗಾದಾಗ ನೀರು ಮೆಟ್ಟಿಲಿನ ಅರ್ಧಕ್ಕೆ ಬಂದು ನಿಂತಿತ್ತು. ಕರೆಂಟಿಲ್ಲ, ಫೋನಿಲ್ಲ. ಕೊಡಕ್ಕೆ ಮಳೆನೀರು ಹಿಡಿದು ಕುಡಿದೆವು. ಕಪಾಟಿನಲ್ಲಿ ಅರ್ಧ ಪೊಟ್ಟಣ ಬಿಸ್ಕಿಟ್ ಸಿಕ್ಕಿತು, ಅದನ್ನು ಅತ್ತೆಗೆ ಕೊಟ್ಟೆ. ಬೆಳಗಿನ ಇನ್ಸುಲಿನ್ ಇಂಜೆಕ್ಷನ್ ಕೊಡಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಊಟ ತಪ್ಪಿದರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ನನಗೆ ಎದುರಿಗೆ ಕೂರಿಸಿ ಹೇಳಿದ್ದರು.

ಸುತ್ತಲಿನ ಮನೆಗಳಿಂದ ಕುಕ್ಕರಿನ ಸೀಟಿ ಕೇಳುತ್ತಿತ್ತು. ಎಲ್ಲರ ಮನೆಯಲ್ಲೂ ಅಷ್ಟಿಷ್ಟು ದಿನಸಿ ಇತ್ತು, ಒಂದು ಸಿಲಿಂಡರು ಇತ್ತು. ಯಾರಿಗೂ ನಮ್ಮ ನೆನಪಾಗಲಿಲ್ಲ. ಅವರದೇನು ತಪ್ಪು? ಹೋಟೆಲಿನವರು ಉಪವಾಸ ಇರುತ್ತಾರೆ ಅಂತ ಯಾರಿಗಾದರೂ ಕನಸು ಬೀಳುತ್ತದೆಯೇ?

"ಕೇಳಿಕೊಂಡು ಬನ್ನಿ, ಎರಡು ಹಿಡಿ ಅನ್ನ," ಅಂದೆ ಗಂಡನಿಗೆ.

"ನಿನ್ನೆ ಬಡಿಸಿದ ಕೈಯನ್ನು ಇವತ್ತು ಚಾಚಲಿಕ್ಕಾಗ್ತದಾ? ನಾಳೆ ನೀರು ಇಳೀತದೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಾನೇ ಹೋಗುತ್ತೇನೆ ಅಂತ ಸೆರಗು ಸಿಕ್ಕಿಸಿಕೊಂಡು ಚಂದ್ರಬಾಯಿಯ ಬಾಗಿಲಿಗೆ ಹೋದೆ. ಆಕೆ ಚಹಾ ಸೋಸುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿಸಿ, "ಜೇವಲಾತ್ ಕಾ?" ಅಂದಳು. ಉಂಡಿರಾ ಅಂತ. "ಹೋ, ಜೇವಲೋ," ಅಂದಿತು ನನ್ನ ಬಾಯಿ. ಉಂಡಾಯಿತು. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಊಟ ಆಯಿತಾ ಅಂತ ಯಾರಾದರೂ ಕೇಳಿದರೆ ಆಯಿತು ಅನ್ನಬೇಕು, ಉಣ್ಣಿ ಅಂದರೆ ಬೇಡ ಅನ್ನಬೇಕು, ಅವರು ಕೈ ಹಿಡಿದು ಕೂರಿಸಿದ ಮೇಲೆಯೇ ಕೂರಬೇಕು. ಸಣ್ಣಂದಿನಿಂದ ಕಲಿತದ್ದು ಇದನ್ನೇ. ಚಂದ್ರಬಾಯಿ ಕೈ ಹಿಡಿಯಲಿಲ್ಲ. ಮಳೆ ಯಾವಾಗ ನಿಲ್ಲುತ್ತದೋ ಅಂದಳು, ನಾನೂ ಯಾವಾಗಲೋ ಅಂದು ಬಂದೆ. ಗಂಡನಿಗೆ ಆಕೆ ಮಲಗಿದ್ದಾಳೆ ಅಂತ ಸುಳ್ಳು ಹೇಳಿದೆ.

ಗುರುವಾರ ಬೆಳಿಗ್ಗೆ ಅತ್ತೆಗೆ ಎದ್ದು ಕೂರಲಾಗಲಿಲ್ಲ. ಬಾಯಿ ಒಣಗಿತ್ತು, ಕೇಳಿ ಕೇಳಿ ನೀರು ಕುಡಿಯುತ್ತಿದ್ದರು. ಇಂಜೆಕ್ಷನ್ ತಪ್ಪಿ ಸಕ್ಕರೆ ಏರಿದೆ ಅಂತ ನನಗೆ ಗೊತ್ತಾಯಿತು. ಕೊಟ್ಟರೆ ಉಣ್ಣಲಿಕ್ಕಿಲ್ಲ, ಕೊಡದಿದ್ದರೆ ಹೀಗೆ. ಆಗಲೇ ಗಲ್ಲಿಯ ತಲೆಯಲ್ಲಿ ಸೀಟಿ ಕೇಳಿಸಿತು. ಗ್ಯಾಲರಿಗೆ ಓಡಿ ನೋಡಿದರೆ ರಬ್ಬರ್ ದೋಣಿ. ಬುಟ್ಟಿ ತುಂಬ ಊಟದ ಪೊಟ್ಟಣ. ದೋಣಿಯಲ್ಲಿ ಕೊಡೆ ಹಿಡಿದು ಕೂತಿದ್ದವರು ನಮ್ಮ ಪುಂಡರೀಕಾಕ್ಷ, ಡೊಂಬಿವಲಿಯಲ್ಲಿ ಹೋಟೆಲು ಇಟ್ಟವರು. ಅಲ್ಲಿಯ ನಮ್ಮ ಕಡೆಯ ಹೋಟೆಲಿನವರೆಲ್ಲ ಸೇರಿ ಪೂರಿ ಬಾಜಿ ಮಾಡಿ ಕಳಿಸಿದ್ದರು. ಮೊದಲನೆಯ ಮನೆಯವರು ಹಗ್ಗಕ್ಕೆ ಚೀಲ ಕಟ್ಟಿ ಇಳಿಬಿಟ್ಟರು, ಪೊಟ್ಟಣ ಮೇಲೆ ಬಂತು.

ದೇವರು ಬಂದ ಅಂದುಕೊಂಡೆ. ಗಂಡ ಗ್ಯಾಲರಿಯಲ್ಲಿ ನಿಂತಿದ್ದರು, ದೋಣಿ ಅವರ ಕಣ್ಣೆದುರಿಗೇ ಬರುತ್ತಿತ್ತು. ನಾನು ಒಳಗೆ ಹೋಗಿ ಇಂಜೆಕ್ಷನ್ ತುಂಬಿಸಿ ಅತ್ತೆಗೆ ಕೊಟ್ಟೆ. "ಈಗ ಪೂರಿ ಬರ್ತದೆ ಅತ್ತೆ," ಅಂದೆ. ಹತ್ತಿಯಿಂದ ಒತ್ತಿ ಹಿಡಿದುಕೊಂಡಿರುವಾಗ ಹೊರಗಿನ ಮಾತು ಕಿವಿಗೆ ಬಿತ್ತು.

"ಜಯಶೀಲಣ್ಣ, ನೀವಿಲ್ಲೇ ಇದ್ದೀರಾ ಮಾರಾಯ್ರೆ. ಊಟ ಎಲ್ಲ ಆಯ್ತಾ?"

"ಆಯ್ತು, ಆಯ್ತು. ನಿಮ್ಮದು?"

"ಒಂದೆರಡು ಪೊಟ್ಟಣ ಇಡ್ಲಾ?"

"ಬೇಡ ಬೇಡ. ಮುಂದೆ ಪಾಪದವರಿದ್ದಾರೆ, ಅವರಿಗೆ ಕೊಡಿ. ನಮ್ಮಲ್ಲಿ ಉಂಟು."

ಮದುವೆಮನೆಯಲ್ಲಾದರೆ ಪುಂಡರೀಕಾಕ್ಷ ಇನ್ನೊಂದು ಸಲ ಒತ್ತಾಯ ಮಾಡುತ್ತಿದ್ದರು, ಇವರು ಕೈ ಅಡ್ಡ ಹಿಡಿಯುತ್ತಿದ್ದರು, ಎಲೆಗೆ ಬೀಳುವುದು ಬೀಳುತ್ತಿತ್ತು. ನೆರೆಯಲ್ಲಿ ಒತ್ತಾಯಕ್ಕೆ ಪುರುಸೊತ್ತೆಲ್ಲಿ? ಚಂದ್ರಬಾಯಿಯ ಚೀಲಕ್ಕೆ ಒಂದು ಪೊಟ್ಟಣ ಹಾಕಿ ದೋಣಿ ಮುಂದೆ ಹೋಯಿತು. ನಾನು ಸಿರಿಂಜು ಹಿಡಿದುಕೊಂಡೇ ಹೊರಗೆ ಬಂದೆ. ದೋಣಿಯ ಬೆನ್ನು ಮಾತ್ರ ಕಾಣಿಸಿತು.

"ಇಂಜೆಕ್ಷನ್ ಕೊಟ್ಟಾಯ್ತು," ಅಂದೆ.

ಅವರು ನನ್ನ ಕೈಯ ಸಿರಿಂಜು ನೋಡಿದರು. ಆಮೇಲೆ ಮುಖ ಬಿಳಿಚಿತು. "ಮುಂದೆ ಗಲ್ಲಿ ಬಂದ್. ದೋಣಿ ಇಲ್ಲಿಂದಲೇ ವಾಪಸ್ ಬರಬೇಕು. ಬರುವಾಗ ತಗೊಳ್ತೇನೆ."

"ಬರುವಾಗ ಅಂದರೆ ಎಷ್ಟು ಹೊತ್ತಿಗೆ? ಈಗಲೇ ಕೂಗಿ."

ಅವರು ಬಾಯಿ ತೆರೆದರು, ಮುಚ್ಚಿದರು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗಾದೆ ಮಾಡಿದವನು ನನ್ನ ಗಂಡನನ್ನು ನೋಡಿಯೇ ಮಾಡಿರಬೇಕು. ನನಗೆ ಆಗ ಬಂದ ಸಿಟ್ಟಿನಲ್ಲಿ ಅವರನ್ನು ಗ್ಯಾಲರಿಯಿಂದ ಕೆಳಗೆ ದೂಡಿದ್ದರೂ ಆಶ್ಚರ್ಯವಿರಲಿಲ್ಲ.

ಒಳಗೆ ಅತ್ತೆ ಗೋಡೆಗೆ ಒರಗಿಕೊಂಡು ಕಾಯುತ್ತಿದ್ದರು. ಪೂರಿ ಎಲ್ಲಿ ಅಂತ ಕೇಳಲಿಲ್ಲ, ಅವರಿಗೂ ಕೇಳಿಸಿತ್ತು. ಅರ್ಧ ಗಂಟೆ ಕಳೆದಿರಬೇಕು, ಹಣೆಯಲ್ಲಿ ಬೆವರು ಮೂಡಿತು. ಒರೆಸಿದೆ, ಮತ್ತೆ ಮೂಡಿತು. ಈಗ ಸಕ್ಕರೆ ಇಳಿಯುತ್ತಿತ್ತು, ಕೈ ನಡುಗತೊಡಗಿತು. ನಾನು ಕಪಾಟಿನ ಒಂದೊಂದು ಖಾನೆಯನ್ನೂ ತಡಕಾಡಿದೆ. ಸೀರೆ, ಪಾತ್ರೆ, ಪೂಜೆಯ ಸಾಮಾನು, ನಾಫ್ತಲೀನ್ ಗುಳಿಗೆ. ಎಷ್ಟು ಜನ ನಮ್ಮ ಹೆಸರು ಹೇಳಿ ಉಂಡಿದ್ದಾರೆ ಈ ಊರಿನಲ್ಲಿ. ಒಂದು ಚಿಟಿಕೆ ಸಕ್ಕರೆ ಇಲ್ಲ. ಹೊರಗೆ ಹೋಗಲು ದಾರಿಯಿಲ್ಲ, ಒಳಗೆ ಇರಲು ಧೈರ್ಯವಿಲ್ಲ.

"ನಾನು ಚಂದ್ರಬಾಯಿಯ ಹತ್ತಿರ ಹೋಗ್ತೇನೆ," ಅಂತ ಎದ್ದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ನಡುಗುವ ಕೈಯಲ್ಲಿ ಆ ಹಿಡಿತ ಎಲ್ಲಿಂದ ಬಂತೋ. "ಪೋವಡ ಮಗಾ," ಅಂದರು ತುಳುವಿನಲ್ಲಿ. ಹೋಗಬೇಡ. "ಅವಳು ನಮ್ಮ ಅನ್ನ ಉಂಡವಳು." ಸಾಯುವ ಹೊತ್ತಿನಲ್ಲಿಯೂ ಇವರಿಗೆ ಮರ್ಯಾದೆಯ ಚಿಂತೆ. ಮಗ ಯಾರ ಹೊಟ್ಟೆಯಲ್ಲಿ ಹುಟ್ಟಿದ್ದು ಅಂತ ಬೇರೆ ಹೇಳಬೇಕಾಗಿರಲಿಲ್ಲ. ಕೈ ಬಿಡಿಸಿಕೊಳ್ಳಲು ನೋಡುತ್ತಿರುವಾಗಲೇ ಅತ್ತೆ ವಾಲಿ ನನ್ನ ಮಡಿಲಿಗೆ ಬಿದ್ದರು. ಕಣ್ಣು ತೆರೆದಿತ್ತು, ನೋಟ ನನ್ನ ಮೇಲಿರಲಿಲ್ಲ. "ಅಮ್ಮ ಹೋಗ್ತಾರೆ," ಅಂತ ಗಂಡನಿಗೆ ಕೂಗಿದೆ.

ಅವರು ಬಾಗಿಲಿಗೆ ಬಂದು ನೋಡಿದರು. ಆಮೇಲೆ ದಡದಡ ಮೆಟ್ಟಿಲಿಳಿದ ಸದ್ದು, ನೀರಿಗೆ ಬಿದ್ದ ಸದ್ದು ಕೇಳಿತು. ದೋಣಿ ವಾಪಸ್ ಬರುತ್ತಿತ್ತು. "ಪುಂಡರೀಕಾಕ್ಷರೇ, ಒಂದು ಪೊಟ್ಟಣ ಕೊಡಿ."

ದೋಣಿಯವರು ನಕ್ಕರು. ಇವರು ತಮಾಷೆಗೆ ಹೆಸರಾದವರು, ಎದೆಮಟ್ಟದ ನೀರಿನಲ್ಲಿ ನಿಂತು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡರು. "ಹೋಟೆಲಿನ ಸೇಠ್‌ಗೆ ನಮ್ಮ ಪೂರಿ ಯಾಕೆ? ರುಚಿ ನೋಡ್ಲಿಕ್ಕಾ?" ಅಂದರು ಪುಂಡರೀಕಾಕ್ಷ. ಎದುರು ಬಿಲ್ಡಿಂಗಿನ ಗ್ಯಾಲರಿಯಲ್ಲಿಯೂ ಯಾರೋ ನಕ್ಕರು.

ಆಗ ನನ್ನ ಗಂಡ ಕೂಗಿದರು. ಆ ಸ್ವರ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ನಾವು ಉಂಡಿಲ್ಲ. ಮೊನ್ನೆಯಿಂದ ಉಂಡಿಲ್ಲ. ನಮ್ಮ ಮನೆಯಲ್ಲಿ ಏನೂ ಇಲ್ಲ." ಅದನ್ನೇ ಹಿಂದಿಯಲ್ಲಿಯೂ ಹೇಳಿದರು, ಮರಾಠಿಯಲ್ಲಿಯೂ ಹೇಳಿದರು. ಯಾರಿಗೂ ಅರ್ಥವಾಗದೆ ಉಳಿಯಬಾರದು ಅನ್ನುವ ಹಾಗೆ. ಪುಂಡರೀಕಾಕ್ಷ ಬುಟ್ಟಿಯನ್ನು ಎತ್ತಿ ಬೋರಲು ಮಾಡಿ ತೋರಿಸಿದರಂತೆ. ಕೊನೆಯ ಪೊಟ್ಟಣ ಗಲ್ಲಿಯ ತುದಿಯಲ್ಲಿ ಖರ್ಚಾಗಿತ್ತು, ಇವರು ಹೇಳಿದ ಪಾಪದವರಿಗೇ.

ಅಷ್ಟರಲ್ಲಿ ಆ ಕೂಗು ಕೇಳಿ ಚಂದ್ರಬಾಯಿ ನಮ್ಮ ಬಾಗಿಲಲ್ಲಿದ್ದಳು. ಒಂದು ಕೈಯಲ್ಲಿ ಸಕ್ಕರೆ ಡಬ್ಬಿ, ಇನ್ನೊಂದರಲ್ಲಿ ಬಿಚ್ಚದ ಪೊಟ್ಟಣ. ಅತ್ತೆಯ ಕಾಯಿಲೆ ಆಕೆಗೆ ಗೊತ್ತಿತ್ತು, ಒಳಗೆ ಬರಲೇ ಅಂತ ಕೇಳಲಿಲ್ಲ. ಅತ್ತೆಯ ತಲೆ ಎತ್ತಿ ಹಿಡಿಯಲು ನನಗೆ ಗದರಿ, ಸಕ್ಕರೆಯನ್ನು ನೀರಲ್ಲಿ ಒದ್ದೆ ಮಾಡಿ ಬೆರಳಿನಿಂದ ಅವರ ಒಸಡಿಗೆ ಹಚ್ಚಿದಳು. ಮತ್ತೆ ಹಚ್ಚಿದಳು. ನಿನ್ನೆ ನನ್ನ ಬಾಗಿಲಿಗೆ ಬಂದು ಸುಳ್ಳು ಹೇಳಿ ಹೋದೆಯಲ್ಲ, ನಿನ್ನ ನಾಲಿಗೆಗೆ ಏನಾಗಿತ್ತು ಅಂತ ಮರಾಠಿಯಲ್ಲಿ ಬೈಯುತ್ತಲೇ ಇದ್ದಳು. ಆ ಬೈಗುಳ ನಿಲ್ಲದಿರಲಿ ಅಂತ ನಾನು ಬೇಡಿಕೊಳ್ಳುತ್ತಿದ್ದೆ. ಕೊನೆಗೆ ಅತ್ತೆಯ ನಾಲಿಗೆ ಆಡಿತು. ತುಟಿ ಚಪ್ಪರಿಸಿದರು. ಕಣ್ಣು ನನ್ನನ್ನು ಹುಡುಕಿ ಹಿಡಿಯಿತು. ಲೋಟದ ಸಕ್ಕರೆನೀರನ್ನು ಗುಟುಕು ಗುಟುಕಾಗಿ ಅವರೇ ಕುಡಿದ ಮೇಲೆ ನಾನು ಅತ್ತುಬಿಟ್ಟೆ. ಹೊಟ್ಟೆಯಲ್ಲಿ ಏನೂ ಇಲ್ಲದೆ ಅಳುವುದು ಬಹಳ ಕಷ್ಟ.

ಚಂದ್ರಬಾಯಿ ಪೂರಿಯ ಚೂರುಗಳನ್ನು ಅತ್ತೆಯ ಬಾಯಿಗೆ ಇಡುತ್ತ ಕೂತಳು. ಉಳಿದ ಎರಡು ಪೂರಿಯನ್ನು ನನ್ನ ಕಡೆ ನೂಕಿ, ಹೋಗು ಅನ್ನುವ ಹಾಗೆ ಮೆಟ್ಟಿಲಿನ ಕಡೆ ಗದ್ದ ತೋರಿಸಿದಳು.

ನನ್ನ ಗಂಡ ಮೇಲೆ ಬಂದಿರಲಿಲ್ಲ. ನೀರು ಮುಟ್ಟುವ ಮೆಟ್ಟಿಲ ಮೇಲೆ, ಒದ್ದೆ ಬಟ್ಟೆಯಲ್ಲಿ, ನಮಗೆ ಬೆನ್ನು ಹಾಕಿ ಕೂತಿದ್ದರು. ಎದುರು ಗ್ಯಾಲರಿಯವರೆಲ್ಲ ಅವರನ್ನೇ ನೋಡುತ್ತಿದ್ದರು. ಇಳಿದು ಹೋಗಿ ಪಕ್ಕದಲ್ಲಿ ಕೂತೆ.

"ಅಮ್ಮ ಕಣ್ಣು ಬಿಟ್ಟರು," ಅಂದೆ. ಅವರು ತಲೆ ಆಡಿಸಿದರು.

"ತಿನ್ನಿ."

"ನನಗೆ ಹಸಿವಿಲ್ಲ."

ನಾನು ಎರಡನೆಯ ಸಲ ಕೇಳಲಿಲ್ಲ. ಪೂರಿ ಮುರಿದು ಅವರ ಬಾಯಿಗೆ ತುರುಕಿದೆ. ಎಲ್ಲರೂ ನೋಡುತ್ತಿರುವಾಗ ಅವರು ಅಗಿದರು, ನುಂಗಿದರು, ಮತ್ತೆ ಬಾಯಿ ತೆರೆದರು.