ಮರದ ಸೌಟಿನಿಂದ ಸ್ವಿಚ್ ಒತ್ತುವವರು

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗೆ ಜಾರುತ್ತವೆ. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳ ಹತ್ತಿರ ಪದಗಳೂ ಹೆಚ್ಚಿಲ್ಲ. ಓದುವವರು ಕ್ಷಮಿಸಬೇಕು. ಒಂದೊಂದು ಸಾಲನ್ನೂ ಎರಡೆರಡು ಸಲ ಬರೆದು, ಒಪ್ಪವಾಗಿ ಕಂಡದ್ದನ್ನು ಮಾತ್ರ ಇಲ್ಲಿಗೆ ಇಳಿಸಿದ್ದೇನೆ. ಏಕೆಂದರೆ ಬರೆಯುತ್ತಿರುವುದು ನನ್ನ ದೊಡ್ಡಮ್ಮನ ಬಗ್ಗೆ, ಮತ್ತು ದೊಡ್ಡಮ್ಮನಿಗೆ ಅವಸರದ ಕೆಲಸ ಕಂಡರೆ ಆಗದು.

ದೊಡ್ಡಮ್ಮ ಸ್ವಿಚ್ಚನ್ನು ಬೆರಳಿನಿಂದ ಒತ್ತುವುದಿಲ್ಲ. ನಮ್ಮ ಅಡುಗೆಮನೆಯ ಮೊಳೆಗೆ ಒಂದು ಹಳೆಯ ಮರದ ಸೌಟು ತೂಗುತ್ತದೆ. ಅದರಲ್ಲಿ ಯಾವತ್ತೂ ಏನನ್ನೂ ಬಡಿಸಿದ್ದಿಲ್ಲ. ಕತ್ತಲಾದೊಡನೆ ಅವರು ಅದನ್ನು ಕೈಗೆ ತೆಗೆದುಕೊಂಡು, ಹಿಡಿಯ ತುದಿಯಿಂದ ಸ್ವಿಚ್ಚನ್ನು ಮೆಲ್ಲಗೆ ಒತ್ತಿ, ಬೈಗುಳ ನಿರೀಕ್ಷಿಸುವ ಮಗುವಿನಂತೆ ಮುಖವನ್ನು ಒಂದಿಷ್ಟು ಓರೆ ಮಾಡಿ ದೀಪದ ಕಡೆ ನೋಡುತ್ತಾರೆ. ಏಳು ವರ್ಷದವರಿದ್ದಾಗ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿ, ಗೋಡೆಯಿಂದ ಗೋಡೆಗೆ ಎಸೆಯಲ್ಪಟ್ಟಿದ್ದರಂತೆ. ಆ ಹೆದರಿಕೆ ಅವರ ಜೊತೆಯಲ್ಲೇ ಬೆಳೆದು, ಜೊತೆಯಲ್ಲೇ ನರೆಯಿತು. ಇಂಥ ದೊಡ್ಡಮ್ಮ ಇಪ್ಪತ್ತೆರಡು ವರ್ಷ ಊರಿನ ಅರ್ಧ ಮನೆಗಳ ಕರೆಂಟು ಸರಿಮಾಡಿದರು ಎಂದರೆ ಯಾರಿಗಾದರೂ ನಗು ಬರುತ್ತದೆ. ಆದರೆ ನಿಜ. ಸ್ಕ್ರೂಡ್ರೈವರ್ ಹಿಡಿಯದೆ, ಕುರ್ಚಿಯಿಂದ ಏಳದೆ, ಬರೀ ಮಾತಿನಿಂದ ಸರಿಮಾಡಿದರು.

ಅವರ ಕೆಲಸ ಒಂದು ಎಲೆಕ್ಟ್ರಿಕ್ ರಿಪೇರಿ ಅಂಗಡಿಯ ಫೋನ್ ಎತ್ತುವುದು. ಕರೆ ಮಾಡಿದವರ ವಿಳಾಸ ಬರೆದುಕೊಂಡು ಎಲೆಕ್ಟ್ರಿಷಿಯನ್ನನ್ನು ಕಳಿಸಿದರೆ ಸಾಕಿತ್ತು. ಮಾಲೀಕರು ಕೇಳಿದ್ದೂ ಅಷ್ಟೇ. ದೊಡ್ಡಮ್ಮನಿಗೆ ಅಷ್ಟು ಸಾಲಲಿಲ್ಲ. ಮೊಣಕೈ ಸವೆದ ಕಂದು ಸ್ವೆಟರನ್ನು ಬೇಸಿಗೆಯಲ್ಲೂ ಬಿಡದೆ ತೊಟ್ಟು, ಅದರ ಜೇಬಿನಲ್ಲಿ ಮಡಚಿಟ್ಟ ಹತ್ತಿಬಟ್ಟೆಯನ್ನು ತೆಗೆದು ಕೈ ಒರೆಸಿಕೊಂಡು, ಆಮೇಲೇ ರಿಸೀವರ್ ಎತ್ತುತ್ತಿದ್ದರು. ಅವರ ದನಿ ಇಂಪಾಗಿರಲಿಲ್ಲ. ಬಿಸಿಲಿಗೆ ಒಣಗಿದ ಟವೆಲಿನ ಹಾಗೆ ಒರಟು, ಮತ್ತು ಅಷ್ಟೇ ಬೆಚ್ಚಗೆ.

"ಅಮ್ಮಾ, ಮನೆಯೆಲ್ಲ ಕತ್ತಲೆ! ಬೇಗ ಯಾರನ್ನಾದ್ರೂ ಕಳ್ಸಿ!"

"ಕಳಿಸೋಣ. ಮೊದ್ಲು ಕೈ ಒರೆಸ್ಕೊಳ್ಳಿ. ಕಾಲಿಗೆ ಚಪ್ಪಲಿ ಹಾಕ್ಕೊಳ್ಳಿ. ಈಗ ಕಿಟಕಿ ಹತ್ರ ಹೋಗಿ. ಪಕ್ಕದ ಮನೇಲಿ ದೀಪ ಇದ್ಯಾ?"

"ಇಲ್ಲ ಅನ್ಸುತ್ತೆ..."

"ಅನ್ಸೋದು ಬೇಡ. ಬಾಯಲ್ಲಿ ನೋಡ್ಬೇಡಿ, ಎದ್ದು ಹೋಗಿ ಕಣ್ಣಲ್ಲಿ ನೋಡಿ."

ಪಕ್ಕದ ಮನೆಯಲ್ಲೂ ದೀಪವಿಲ್ಲದಿದ್ದರೆ, "ಹಾಗಾದ್ರೆ ಕಾಯಿಲೆ ನಿಮ್ಮನೇದಲ್ಲ, ಬೀದೀದು" ಎಂದು ಕರೆಂಟು ಕಚೇರಿಯ ನಂಬರು ಕೊಡುತ್ತಿದ್ದರು. ಅಲ್ಲಿ ದೀಪವಿದ್ದು ಇಲ್ಲಿಲ್ಲದಿದ್ದರೆ, ಬೋರ್ಡಿನಲ್ಲಿ ಯಾವ ಸ್ವಿಚ್ ಕೆಳಗೆ ಬಿದ್ದಿದೆ ನೋಡಿ ಎನ್ನುತ್ತಿದ್ದರು. ಬಿದ್ದ ಸ್ವಿಚ್ಚನ್ನು ಎತ್ತುವ ಮೊದಲು ಆ ಭಾಗದ ಪ್ಲಗ್ಗುಗಳನ್ನೆಲ್ಲ ಕೀಳಿಸಿ, ಎತ್ತಿಸಿ, ನಿಂತರೆ ಒಂದೊಂದನ್ನೇ ಮತ್ತೆ ಹಾಕಿಸುತ್ತಿದ್ದರು. ಯಾವುದನ್ನು ಹಾಕಿದಾಗ ಸ್ವಿಚ್ ಮತ್ತೆ ಬೀಳುತ್ತದೋ ಅದೇ ಕಳ್ಳ. ಒಬ್ಬ ಮೇಷ್ಟ್ರು ಹೀಗೆ ತಮ್ಮ ಇಸ್ತ್ರಿಪೆಟ್ಟಿಗೆಯನ್ನು ಹಿಡಿದು "ಸಿಕ್ಕಿಬಿದ್ದ!" ಎಂದು ಕೂಗಿದ್ದು ಅಂಗಡಿಯಲ್ಲಿದ್ದ ನಮಗೆಲ್ಲ ಕೇಳಿಸಿತ್ತು. ಟ್ಯೂಬ್‌ಲೈಟ್ ಮಿಟುಕಿದರೆ ಸ್ಟಾರ್ಟರ್, ಟಿವಿ ಸತ್ತರೆ ಸಡಿಲ ಪ್ಲಗ್. ಹತ್ತರಲ್ಲಿ ಆರು ಕರೆಗಳು ಹೀಗೇ ಮುಗಿಯುತ್ತಿದ್ದವು.

ಎಲ್ಲಿಗೆ ಹೋದರೂ ಏಣಿ ಹೊತ್ತೇ ಹೋಗುವ ಹಿರಿಯ ಎಲೆಕ್ಟ್ರಿಷಿಯನ್ನನ್ನು ಎಲ್ಲರೂ ಏಣಿಯಣ್ಣ ಎನ್ನುತ್ತಾರೆ. ಅವನಿಗೆ ಇದರ ಮೇಲೆ ಸುಳ್ಳು ಕೋಪ. "ಅಕ್ಕಾ, ನೀವು ಕೂತಲ್ಲೇ ಊರೆಲ್ಲ ರಿಪೇರಿ ಮಾಡಿದ್ರೆ ನನ್ನ ಏಣಿಗೆ ಗೆದ್ದಲು ಹಿಡಿಯುತ್ತೆ."

"ಹಿಡೀಲಿ ಬಿಡೋ. ಪ್ಲಗ್ ಸಿಕ್ಸೋಕೆ ಏಣಿ ಯಾಕೆ?"

ಆದರೆ ತಮ್ಮ ಮಾತು ಎಲ್ಲಿ ನಿಲ್ಲಬೇಕು ಎಂಬುದು ದೊಡ್ಡಮ್ಮನಿಗೆ ಗೊತ್ತಿತ್ತು. "ಸುಟ್ಟ ವಾಸನೆ ಬಂತು, ಕಿಡಿ ಬಂತು, ಮೈ ಝುಂ ಅಂತು — ಈ ಮೂರಕ್ಕೆ ನನ್ನತ್ರ ಔಷಧಿ ಇಲ್ಲ. ಒಣಗಿದ ಕೈಯಲ್ಲಿ ಮೇನ್ ಆರ್ಸಿ, ಏನೂ ಮುಟ್ಬೇಡಿ, ನಮ್ಮೋರು ಬರ್ತಾರೆ" ಎನ್ನುವಾಗ ಅವರ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಆಗ ಏಣಿಯಣ್ಣ ತಮಾಷೆ ಬಿಟ್ಟು ಏಣಿ ಎತ್ತಿಕೊಳ್ಳುತ್ತಿದ್ದ.

ನಾನು ಶಾಲೆ ಬಿಟ್ಟದ್ದು ಮಾತಿಗೆ ಹೆದರಿ. ಎದ್ದು ನಿಂತು ಓದು ಎನ್ನುತ್ತಿದ್ದರು. ಅಕ್ಷರಗಳು ಕಣ್ಣೆದುರಿಗೇ ಇದ್ದರೂ ಬಾಯಿಗೆ ಬರುತ್ತಿರಲಿಲ್ಲ. ತರಗತಿ ನಗುತ್ತಿತ್ತು. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಅಮ್ಮ ಅತ್ತು, ಬೈದು, ಕೊನೆಗೆ ತನ್ನ ಅಕ್ಕನ ಮನೆಗೆ ತಂದು ಬಿಟ್ಟಳು. "ನೀನಾದ್ರೂ ಹೇಳಕ್ಕಾ, ಸ್ಕೂಲಿಗೆ ಹೋಗು ಅಂತ."

ದೊಡ್ಡಮ್ಮ ಅಮ್ಮನ ಕಡೆ ತಿರುಗಿದರು. "ಟ್ರಿಪ್ ಆದ ಸ್ವಿಚ್ಚನ್ನ ಬಲವಂತವಾಗಿ ಎತ್ತಿ ಹಿಡೀಬಾರ್ದು ಕಣೇ. ಯಾಕೆ ಬಿತ್ತು ಅಂತ ನೋಡ್ಬೇಕು. ಇರ್ಲಿ ಬಿಡು ಇಲ್ಲೇ."

ನಾನು ಇದ್ದೆ. ಅವರ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಯಾರೂ ಹೇಳದಿದ್ದರೂ, ಅವರ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದೆ. ನೂರ ಹನ್ನೆರಡು ಪುಟ ತುಂಬಿತು. ಆದರೆ ಅವರ ದನಿಯನ್ನು ಯಾರೂ ರೆಕಾರ್ಡ್ ಮಾಡಿಕೊಳ್ಳಲಿಲ್ಲ. ದಿನವಿಡೀ ಕಿವಿಗೆ ಬೀಳುತ್ತಿದ್ದುದನ್ನು ಯಾರು ತಾನೆ ಕೂಡಿಡುತ್ತಾರೆ?

ಕಳೆದ ವರ್ಷ ಅವರ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ, ದನಿ ಮಾತ್ರ ಮರಳುವ ಹಾಗೆ ಕಾಣುವುದಿಲ್ಲ ಎಂದರು ಡಾಕ್ಟರು. ಈಗ ದೊಡ್ಡಮ್ಮ ನನ್ನನ್ನು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಎದುರಿಗೇ ಇರುವವರನ್ನು ನೆನೆದು ಕೊರಗುವುದು ಎಷ್ಟು ವಿಚಿತ್ರ ಎಂದು ನನಗೆ ಆಮೇಲೆ ತಿಳಿಯಿತು. ಊಟಕ್ಕೆ ಕುಳಿತಾಗ, ಬಟ್ಟೆ ಮಡಚುವಾಗ, ಅವರು ಪಕ್ಕದಲ್ಲೇ ಇರುತ್ತಾರೆ. ನಾನು ಮಾತ್ರ ಅವರಿಗಾಗಿ ಕಾಯುತ್ತಲೇ ಇರುತ್ತೇನೆ. ಕೈ ಒರೆಸ್ಕೊಳ್ಳೇ ಎಂದು ಒಂದೇ ಒಂದು ಸಲ ಗದರಲಿ ಎಂದು ಬೇಕೆಂದೇ ಒದ್ದೆ ಕೈಯಲ್ಲಿ ಸ್ವಿಚ್ಚಿನ ಹತ್ತಿರ ಹೋಗಿದ್ದೂ ಉಂಟು. ಸೌಟಿನಿಂದ ಮೊಣಕೈಗೆ ಏಟು ಬಿತ್ತು. ಮಾತು ಬರಲಿಲ್ಲ.

ಆದರೂ ಅವರು ಅಂಗಡಿಗೆ ಹೋಗುವುದನ್ನು ಬಿಡಲಿಲ್ಲ. ಫೋನಿನ ಧೂಳು ಒರೆಸಿ, ಕುರ್ಚಿಯಲ್ಲಿ ಕೂರುತ್ತಿದ್ದರು. ಫೋನ್ ಹೊಡೆದುಕೊಂಡಾಗ ಏಣಿಯಣ್ಣನೋ ಮಾಲೀಕರೋ ಓಡಿಬಂದು ವಿಳಾಸ ಬರೆದುಕೊಳ್ಳುತ್ತಿದ್ದರು. ಮಾಲೀಕರು ಕೆಟ್ಟವರಲ್ಲ. ಈ ತಿಂಗಳ ಮೊದಲಲ್ಲಿ, "ಈ ತಿಂಗಳು ನೋಡ್ತೀನಮ್ಮ. ಮಾತಾಡೋರಿಲ್ಲದೆ ಫೋನು ಇಟ್ಕೊಂಡು ಏನ್ಮಾಡ್ಲಿ? ತೆಗೆಸಿಬಿಡ್ತೀನಿ" ಎಂದರು. ಫೋನಿನ ಜೊತೆ ಕುರ್ಚಿಯೂ ಹೋಗುತ್ತದೆ ಎಂದು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಕಳೆದ ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಫೋನ್ ಹೊಡೆದುಕೊಂಡಿತು. ದೊಡ್ಡಮ್ಮ ನನ್ನ ಕಡೆ ನೋಡಿದರು. ನಾನು ಎತ್ತಿದೆ.

"ಅಮ್ಮಾ, ಬಚ್ಚಲ ನಲ್ಲಿ ಮುಟ್ಟಿದ್ರೆ ಝುಂ ಅಂತಿದೆ! ಮಗು ಒಳಗೆ ಸ್ನಾನಕ್ಕೆ ಕೂತಿದೆ! ಏನ್ಮಾಡ್ಲಮ್ಮಾ?" ಹೆಂಗಸಿನ ದನಿ.

ನನಗೆ ಉತ್ತರ ಗೊತ್ತಿತ್ತು. ನೋಟ್‌ಬುಕ್ಕಿನ ಒಂಬತ್ತನೆಯ ಪುಟದಲ್ಲಿ, ಕೆಂಪು ಗೆರೆ ಎಳೆದು ಬರೆದದ್ದು. ಬಾಯಿ ತೆರೆದೆ. ದೊಡ್ಡಮ್ಮ ಎದ್ದು ನಿಂತು ಮೇಜನ್ನು ಎರಡೂ ಕೈಗಳಿಂದ ಬಡಿದರು. ನನ್ನ ಬಾಯಿಂದ ಉಸಿರು ಬಂತು, ಬರೀ ಉಸಿರು. ಆ ಕಡೆಯಿಂದ ಕರೆ ಕಟ್ಟಾಯಿತು. ಯಾವ ಮನೆ, ಯಾವ ಬೀದಿ, ಏನೂ ಗೊತ್ತಿಲ್ಲ. ಆ ಹಳೆಯ ಫೋನಿನಲ್ಲಿ ನಂಬರು ಕಾಣುವುದಿಲ್ಲ. ದೊಡ್ಡಮ್ಮ ನನಗೆ ಬೈಯಲಿಲ್ಲ. ಬೈಯಲು ಅವರಿಗೆ ದನಿ ಇರಲಿಲ್ಲ ಎನ್ನುವುದು ನನಗೆ ಸಮಾಧಾನವಾಗಲಿಲ್ಲ. ಮೂರು ದಿನ ನನಗೆ ಅನ್ನ ಸೇರಲಿಲ್ಲ.

ಶನಿವಾರ ಒಬ್ಬ ಹೆಂಗಸು ಕಂಕುಳಲ್ಲಿ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಮಗು ದೊಡ್ಡಮ್ಮನ ಸ್ವೆಟರಿನ ಗುಂಡಿಗೆ ಕೈ ಹಾಕಿತು. "ಅಮ್ಮಾ, ಬುಧವಾರ ಫೋನ್ ಮಾಡಿದ್ದೋಳು ನಾನೇ. ನೀವು ಏನೂ ಹೇಳ್ಲಿಲ್ಲ, ಆದ್ರೆ ಉಸಿರು ಕೇಳಿಸ್ತು. ಅಯ್ಯೋ, ಅಮ್ಮ ಲೈನಲ್ಲಿದಾರೆ ಅಂತ ಧೈರ್ಯ ಬಂತು. ಹೋದ ಸಲ ನೀವು ಹೇಳಿದ್ದೆಲ್ಲ ಕಿವಿಗೆ ಬಂತು ನೋಡಿ, ಕೈ ಒರೆಸ್ಕೋ, ಚಪ್ಪಲಿ ಹಾಕ್ಕೋ, ಮೇನ್ ಆರ್ಸು ಅಂತ. ಹಾಗೇ ಮಾಡಿ ಮಗು ಎತ್ಕೊಂಡೆ. ಗೀಸರ್ ಕೆಟ್ಟಿತ್ತಂತೆ."

ಅದು ನನ್ನ ಉಸಿರು ಎಂದು ಹೇಳಲು ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟು, ನನ್ನನ್ನು ಅವಳ ಮುಂದಕ್ಕೆ ತಳ್ಳಿದರು. "ಅದು... ನಾನು," ಎಂದೆ. ಎರಡೇ ಪದ. ಅವಳು ನಗಲಿಲ್ಲ. "ಓ, ನೀನಾ? ಒಳ್ಳೇದಾಯ್ತು ಬಿಡಮ್ಮ. ಇನ್ನೊಂದ್ಸಲ ಮಾತಾಡು, ಆಯ್ತಾ?" ಎಂದಳು.

ಆ ಸಂಜೆ ದೊಡ್ಡಮ್ಮ ಸ್ವೆಟರಿನ ಜೇಬಿನಿಂದ ಹತ್ತಿಬಟ್ಟೆ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು.

ಹೆದರಿಕೆ ಇಲ್ಲದವರು ಬಿದ್ದ ಸ್ವಿಚ್ಚನ್ನು ಹಿಂದೆಮುಂದೆ ನೋಡದೆ ಎತ್ತಿಬಿಡುತ್ತಾರೆ. ದೊಡ್ಡಮ್ಮನಂಥವರು ಎಲ್ಲಿ ಕಾಲಿಡಬಾರದು ಎಂಬುದನ್ನು ಮೈಯಿಂದಲೇ ಕಲಿತು, ಆ ಜಾಗಗಳನ್ನು ಬೇರೆಯವರಿಗೆ ಒಂದೊಂದಾಗಿ ಹೇಳಿಕೊಡುತ್ತಾ ಆಯುಷ್ಯ ಕಳೆಯುತ್ತಾರೆ. ಅವರ ಹೆದರಿಕೆ ಅವರನ್ನು ಬಿಟ್ಟು ಹೋಗುವುದೇ ಇಲ್ಲ. ಆದರೆ ಅದು ಎಷ್ಟೋ ಅಪರಿಚಿತರ ಮನೆಗಳಲ್ಲಿ ಎಚ್ಚರವಾಗಿ ಉಳಿದುಕೊಳ್ಳುತ್ತದೆ, ಹೇಳಿದವರ ದನಿ ನಿಂತ ಮೇಲೂ.

ತಿಂಗಳು ಮುಗಿಯಲು ಇನ್ನು ಆರು ದಿನ ಇದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಾನು ದೊಡ್ಡಮ್ಮನ ಜೊತೆ ಅಂಗಡಿಗೆ ಹೋಗುತ್ತೇನೆ. ಕುರ್ಚಿಯಲ್ಲಿ ಅವರು ಕೂರುತ್ತಾರೆ, ಸ್ಟೂಲಿನ ಮೇಲೆ ನಾನು. ಫೋನ್ ಹೊಡೆದುಕೊಂಡಾಗ ಕೈ ಒರೆಸಿಕೊಂಡು ಎತ್ತುತ್ತೇನೆ.