ಕಣ್ಣು ಮುಚ್ಚಿ ಕೂತ ಓದುಗರು

ಕಣ್ಣಾಸ್ಪತ್ರೆಯ ನರ್ಸಮ್ಮನಿಗೆ ಕಥೆ ಬರೆಯುವ ಹುಚ್ಚು. ವಾರಪತ್ರಿಕೆಗೆ ಕಳಿಸಿದ್ದೆಲ್ಲ ಮುನಿಸಿಕೊಂಡು ತವರಿಗೆ ಬಂದ ಮಗಳಂತೆ ತಿರುಗಿ ಮನೆಗೇ ಬರುತ್ತಿತ್ತು. "ನಿನ್ನ ಕಥೆ ಹೊತ್ತು ಹೊತ್ತೇ ಪೋಸ್ಟ್‌ಮ್ಯಾನ್ ಸೊಂಟ ಹೋಯ್ತು" ಎಂದು ಗಂಡ ರೇಗಿಸುತ್ತಿದ್ದ. ಆದರೂ ಅಂಚೆಚೀಟಿ ತಂದುಕೊಡುವವನು ಅವನೇ.

ಈ ಸಲ ಬಹಳ ಆಸೆಯಿಟ್ಟಿದ್ದ ಕಥೆಯೇ ಮರಳಿತು. ಮಾತು ಬಿಟ್ಟ ಅಣ್ಣ ತಮ್ಮ ಒಂದೇ ಗೋಡೆಯ ಆಚೆ ಈಚೆ ಬದುಕುವ ಕಥೆ. ಅದನ್ನು ಊಟದ ಡಬ್ಬಿಯ ಜೊತೆ ಚೀಲಕ್ಕೆ ತುರುಕಿ, ಮುಖ ಊದಿಸಿಕೊಂಡೇ ಕೆಲಸಕ್ಕೆ ಹೋದಳು. ಇನ್ನು ಬರೆಯುವುದೇ ಬೇಡ ಎಂದುಕೊಂಡಿದ್ದಳು.

ಅಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡವರು ಬೆಂಚಿನ ಮೇಲೆ ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದರು. "ಎಷ್ಟೊತ್ತಮ್ಮ ಹೀಗೇ ಇರೋದು? ಫೋನೂ ನೋಡೋ ಹಾಗಿಲ್ಲ" ಎಂದು ನಿವೃತ್ತ ಕಂಡಕ್ಟರೊಬ್ಬರು ಗೊಣಗಿದರು.

"ಒಂದು ಕಥೆ ಓದ್ಲಾ?" ಮಾತು ಅವಳ ಬಾಯಿಂದ ಜಾರಿಬಿಟ್ಟಿತು.

"ಓದಮ್ಮ. ಓಡಿಹೋಗೋಣ ಅಂದ್ರೂ ನಮಗೆ ದಾರಿ ಕಾಣ್ಸಲ್ಲ."

ಸೂರ್ಯಾಸ್ತದ ವರ್ಣನೆ ಮುಗಿಯುವಷ್ಟರಲ್ಲಿ ಬೆಂಚಿನ ಕೊನೆಯಿಂದ ಗೊರಕೆ ಕೇಳಿಸಿತು. ಅವಳು ಪುಟ ಹಾರಿಸಿದಳು. ಕಥೆಯಲ್ಲಿ ತಮ್ಮ ಜ್ವರ ಬಂದು ಮಲಗಿದ. ಪಕ್ಕದ ಬೀದಿಯವರು ಬಂದು ಅಣ್ಣನಿಗೆ ಸುದ್ದಿ ಹೇಳಿದರು.

"ಅಯ್ಯೋ, ಒಂದೇ ಗೋಡೆ ಅಂದ್ಯಲ್ಲೇ!" ಎಂದಿತು ಒಂದು ಅಜ್ಜಿ. "ತಮ್ಮ ಕೆಮ್ಮಿದ್ದು ಅಣ್ಣನಿಗೆ ಕೇಳ್ಸಲ್ವಾ?"

ನರ್ಸಮ್ಮ ತಬ್ಬಿಬ್ಬಾದಳು. ಇಷ್ಟು ದಿನ ಇದು ತನಗೇಕೆ ಹೊಳೆಯಲಿಲ್ಲ? ಆದರೂ ಓದು ಮುಂದುವರಿಸಿದಳು.

ಅಷ್ಟರಲ್ಲಿ ಡಾಕ್ಟರು ಕಂಡಕ್ಟರನ್ನು ಒಳಗೆ ಕರೆದರು. ಅವರು ಕೂತಲ್ಲಿಂದ ಕದಲಲಿಲ್ಲ. "ಸ್ವಲ್ಪ ತಾಳಿ ಸಾರ್, ಅಣ್ಣ ಬಾಗಿಲ ಹತ್ರ ಬಂದಿದಾನೆ!"

ಅವಳ ಎದೆ ಹಿಗ್ಗಿತು. ಭಾನುವಾರ ಬೆಳಿಗ್ಗೆ ಸೂರ್ಯಾಸ್ತವನ್ನು ಕಿತ್ತುಹಾಕಿ, ಗೋಡೆಯಾಚೆಯ ಕೆಮ್ಮು ಕೇಳುತ್ತ, ಎದ್ದು ಹೋಗಲೂ ಆಗದೆ ಮಲಗಲೂ ಆಗದೆ ಒದ್ದಾಡುವ ಅಣ್ಣನನ್ನು ಬರೆದಳು. ಅದೂ ಒಮ್ಮೆ ವಾಪಸ್ ಬಂತು. ಈ ಸಲ ಅವಳು ಕುಗ್ಗಲಿಲ್ಲ. ಬೆಂಚಿನ ಮುಂದೆ ಮತ್ತೆ ಓದಿದಳು, ತಿದ್ದಿದಳು, ಬೇರೊಂದು ಪತ್ರಿಕೆಗೆ ಕಳಿಸಿದಳು.

ಅದು ಅಚ್ಚಾಯಿತು. ತಪಾಸಣೆಗೆ ಬಂದಿದ್ದ ಅಜ್ಜಿಗೆ ತಿಳಿಸಿದಾಗ ಅಜ್ಜಿ ಕೇಳಿದ್ದು ಒಂದೇ: "ನನ್ನ ಕೆಮ್ಮು ಇಟ್ಟಿದಾರೋ, ತೆಗೆದ್ರೋ?"

"ಇಟ್ಟಿದಾರಜ್ಜಿ!"

ಮರುವಾರ ಅವಳ ಇನ್ನೊಂದು ಕಥೆ ತಿರುಗಿ ಬಂತು. ಗಂಡ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ನಿಂತಲ್ಲೇ ಎರಡು ಪುಟ ಓದಿ, "ಇದು ನಿಜವಾಗ್ಲೂ ಚೆನ್ನಾಗಿಲ್ಲ ರೀ" ಎಂದು ಜೋರಾಗಿ ನಕ್ಕು, ಮೊದಲ ಪ್ಯಾರಾ ಹೊಡೆದುಹಾಕಿ ಬರೆಯಲು ಕೂತಳು.